ಏರಿನಲ್ಲಿ ಗಾಡಿ ಎಳೆಯುತ್ತಿಲ್ಲ, ಬೂಸ್ಟ್ ಬರುತ್ತಿಲ್ಲ. ಟರ್ಬೊ ಬದಲಾಯಿಸಲೇಬೇಕಾ?

ನಿಧಾನಗಾಮಿ
ಎಲ್ಲರಿಗೂ ನಮಸ್ಕಾರ. ನನ್ನದು 1.5 ಲೀಟರ್ ಡೀಸೆಲ್ ಕಾರು, 1,10,000 ಕಿ.ಮೀ. ಓಡಿದೆ. ಮೂರು ವಾರದಿಂದ ಏರು ಬಂದರೆ ಸಾಕು, ಗಾಡಿಗೆ ಸುಸ್ತು. ಮೊದಲೆಲ್ಲ 1,800 ಆರ್‌ಪಿಎಂ ದಾಟುತ್ತಿದ್ದ ಹಾಗೆ ಹಿಂದಿನಿಂದ ಯಾರೋ ನೂಕಿದಂತೆ ಎಳೆಯುತ್ತಿತ್ತು. ಈಗ ಆ ನೂಕು, ಅಂದರೆ ಟರ್ಬೊ ಇಂಜಿನ್ನಿಗೆ ಒತ್ತಿ ತುಂಬುವ ಗಾಳಿಯ ಬಲ (ಬೂಸ್ಟ್), ಇಲ್ಲವೇ ಇಲ್ಲ. ನಾಲ್ಕನೇ ಗೇರಿನಲ್ಲಿ ಹತ್ತುತ್ತಿದ್ದ ಏರಿಗೆ ಎರಡನೇ ಗೇರು ಹಾಕುತ್ತಿದ್ದೇನೆ. ಜೋರಾಗಿ ಆಕ್ಸಿಲರೇಟರ್ ಒತ್ತಿದರೆ ಎಲ್ಲೋ 'ಉಸ್ಸ್' ಅನ್ನುತ್ತದೆ. ಹಿಂದೆ ಸ್ವಲ್ಪ ಕಪ್ಪು ಹೊಗೆಯೂ ಬರುತ್ತದೆ.

ಚೆಕ್ ಇಂಜಿನ್ ಲೈಟ್ ಬಂತು. ವರ್ಕ್‌ಶಾಪಿನಲ್ಲಿ ಸ್ಕ್ಯಾನರ್ ಹಾಕಿದರು, ಪಿ0299 ಅಂತ ಕೋಡ್. 'ಟರ್ಬೊ ಹೋಗಿದೆ, ಪೂರ್ತಿ ಹೊಸದು ಹಾಕಬೇಕು' ಅಂದರು. ಒಂದು ಪೈಪ್ ಕೂಡ ಬಿಚ್ಚಿಲ್ಲ. ಬಾನೆಟ್ ಎತ್ತಿ ಟಾರ್ಚ್ ಬಿಟ್ಟು ನೋಡಿದರು, ಅಷ್ಟೇ. ಅಷ್ಟು ದೊಡ್ಡ ಖರ್ಚಿಗೆ ಕೈ ಹಾಕುವ ಮೊದಲು ಇಲ್ಲಿ ಕೇಳೋಣ ಅಂತ.

ಎಣ್ಣೆಕೈ
ಟರ್ಬೊ ಹೋಗಿದೆ. ಒಂದು ಲಕ್ಷ ದಾಟಿದ ಮೇಲೆ ಇದೆಲ್ಲ ಮಾಮೂಲು. ಹಾಕಿಸಿ, ನೆಮ್ಮದಿಯಾಗಿರಿ.

ಹಳೇ_ಸ್ಪ್ಯಾನರ್
ತಡೀರಿ ತಡೀರಿ. ಪಿ0299 ಅಂದರೆ 'ಕೇಳಿದಷ್ಟು ಬೂಸ್ಟ್ ಬರಲಿಲ್ಲ' ಅಂತ ಮಾತ್ರ. ಥರ್ಮಾಮೀಟರ್ ಜ್ವರ ಇದೆ ಅನ್ನುತ್ತದೆ, ಯಾಕೆ ಬಂತು ಅಂತ ಹೇಳುತ್ತದಾ? ಆ ಕೋಡ್ ನೋಡಿ ಟರ್ಬೊ ಬಿಚ್ಚುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಗಾಳಿ ಹೋಗುವ ದಾರಿಯನ್ನು ಒಮ್ಮೆ ನೆನಪಿಸಿಕೊಳ್ಳಿ. ಏರ್ ಫಿಲ್ಟರ್, ಆಮೇಲೆ ಟರ್ಬೊ, ಅಲ್ಲಿಂದ ಪೈಪಿನಲ್ಲಿ ಇಂಟರ್‌ಕೂಲರ್ (ಬಿಸಿ ಗಾಳಿ ತಣಿಸುವ ಜಾಗ), ಮತ್ತೆ ಪೈಪು, ಕೊನೆಗೆ ಸಿಲಿಂಡರುಗಳಿಗೆ ಗಾಳಿ ಹಂಚುವ ಇಂಟೇಕ್ ಮ್ಯಾನಿಫೋಲ್ಡ್. ಈ ದಾರಿಯಲ್ಲಿ ಎಲ್ಲಿ ತೂತು ಬಿದ್ದರೂ ಬೂಸ್ಟ್ ಹೋಗುತ್ತದೆ. ಇನ್ನೊಂದು ಕಡೆ ಎಕ್ಸಾಸ್ಟ್ ಗಾಳಿ ಟರ್ಬೊವನ್ನು ತಿರುಗಿಸಬೇಕು. ಅದು ಟರ್ಬೊ ತಲುಪುವ ಮೊದಲೇ ಸೋರಿದರೆ, ಅಥವಾ ಮುಂದೆ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಕಟ್ಟಿಕೊಂಡು ಹೊರಗೆ ಹೋಗದಿದ್ದರೆ, ಆಗಲೂ ಬೂಸ್ಟ್ ಇಲ್ಲ. ಇವೆರಡರ ಮಧ್ಯೆ ಟರ್ಬೊಗೆ ಎಷ್ಟು ಕೆಲಸ ಮಾಡಬೇಕು ಅಂತ ಹೇಳುವ ಆಕ್ಚುವೇಟರ್ ಇದೆ. ಅದು ಮಾತು ಕೇಳದಿದ್ದರೂ ಇದೇ ಕೋಡ್. ಇಷ್ಟು ಜನ ಅನುಮಾನಿತರಲ್ಲಿ ಟರ್ಬೊ ಒಬ್ಬ. ಅದೂ ಸಾಲಿನ ಕೊನೆಯಲ್ಲಿ ನಿಲ್ಲಬೇಕಾದವನು.

ನಿಮ್ಮ ಕೇಸಿನಲ್ಲಿ 'ಉಸ್ಸ್' ಮತ್ತು ಕಪ್ಪು ಹೊಗೆ ಎರಡೂ ಒಟ್ಟಿಗೆ ಇವೆ. ನನಗೆ ಪೈಪಿನ ಮೇಲೇ ಅನುಮಾನ. ಗಾಳಿ ಎಷ್ಟು ಒಳಗೆ ಬಂತು ಅಂತ ಎಂಎಎಫ್ ಸೆನ್ಸರ್ ಫಿಲ್ಟರ್ ಹತ್ತಿರವೇ ಅಳೆಯುತ್ತದೆ. ಇಸಿಯು (ಇಂಜಿನ್ನಿನ ಕಂಪ್ಯೂಟರ್) ಅದನ್ನು ನಂಬಿ ಡೀಸೆಲ್ ಬಿಡುತ್ತದೆ. ಆಮೇಲೆ ಗಾಳಿ ದಾರಿಯಲ್ಲಿ ಸೋರಿ ಹೋದರೆ ಡೀಸೆಲ್ ಜಾಸ್ತಿ, ಗಾಳಿ ಕಡಿಮೆ. ಅದೇ ಹೊಗೆ.

ಕರಿಹೊಗೆ
ಒಂದು ತಿದ್ದುಪಡಿ. ಎಲ್ಲ ಗಾಡಿಯಲ್ಲೂ ಎಂಎಎಫ್ ಇರುವುದಿಲ್ಲ. ಮ್ಯಾನಿಫೋಲ್ಡಿನ ಒತ್ತಡ, ಗಾಳಿಯ ಬಿಸಿ ನೋಡಿಯೇ ಲೆಕ್ಕ ಹಾಕುವ ಗಾಡಿಗಳಿವೆ. ಅವುಗಳಲ್ಲಿ ಪೈಪ್ ಸೋರಿದರೆ ಒತ್ತಡ ಕಡಿಮೆ ಕಾಣುತ್ತದೆ, ಡೀಸೆಲ್ಲೂ ಕಡಿಮೆ ಹೋಗುತ್ತದೆ. ಹೊಗೆ ಬರಲ್ಲ, ಗಾಡಿ ಸುಮ್ನೆ ಮಂಕಾಗುತ್ತದೆ. ಹಾಗಾಗಿ ಹೊಗೆ ಇಲ್ಲ ಅಂದ ಮಾತ್ರಕ್ಕೆ ಪೈಪ್ ಸರಿ ಇದೆ ಅಂದುಕೊಳ್ಳಬೇಡಿ.

ಹಳೇ_ಸ್ಪ್ಯಾನರ್
ಒಪ್ಪಿದೆ. ಇವರ ಗಾಡಿಯಲ್ಲಿ ಎಂಎಎಫ್ ಇದೆ ಅಂತ ಅಂದುಕೊಂಡು ಹೇಳಿದ್ದು.

ಲೆಕ್ಕದ_ಮೇಷ್ಟ್ರು
ನಿಧಾನಗಾಮಿಯವರೇ, ಬ್ಲೂಟೂತ್ ಓಬಿಡಿ ಡಾಂಗಲ್ (ಗಾಡಿಯ ಕಂಪ್ಯೂಟರಿನ ಅಂಕಿಗಳನ್ನು ಫೋನಿಗೆ ಕಳಿಸುವ ಪ್ಲಗ್) ಇದೆಯಾ? ಊಹೆ ಬಿಟ್ಟು ಅಂಕಿ ನೋಡೋಣ. ಮೊದಲು ಇಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ, ಮ್ಯಾಪ್ ಸೆನ್ಸರ್ (ಮ್ಯಾನಿಫೋಲ್ಡಿನ ಒತ್ತಡ ಅಳೆಯುವುದು) ಎಷ್ಟು ತೋರಿಸುತ್ತದೆ ನೋಡಿ. ಇಂಜಿನ್ ನಿಂತಿರುವಾಗ ಒಳಗೂ ಹೊರಗೂ ಒಂದೇ ಒತ್ತಡ. ಸಮುದ್ರಮಟ್ಟದಲ್ಲಿ ಸುಮಾರು 101 ಕಿಲೋಪಾಸ್ಕಲ್, 1,000 ಮೀಟರ್ ಎತ್ತರದಲ್ಲಿ 90ರ ಹತ್ತಿರ. ಇಲ್ಲೇ ಏರುಪೇರು ಕಂಡರೆ ಸೆನ್ಸರೇ ಸುಳ್ಳು ಹೇಳುತ್ತಿದೆ ಅಂತ ಅರ್ಥ. ಮುಂದಿನ ಅಂಕಿ ಯಾವುದನ್ನೂ ನಂಬಬೇಡಿ.

ಆಮೇಲೆ ಖಾಲಿ ರಸ್ತೆಯಲ್ಲಿ ಮೂರನೇ ಗೇರು ಹಾಕಿ, 1,500 ಆರ್‌ಪಿಎಂನಿಂದ ಪೂರ್ತಿ ಒತ್ತಿ. ಆರ್‌ಪಿಎಂ, ಕೇಳಿದ ಬೂಸ್ಟ್, ಬಂದ ಬೂಸ್ಟ್, ಆಕ್ಚುವೇಟರ್ ಡ್ಯೂಟಿ (ಇಸಿಯು ಆಕ್ಚುವೇಟರಿಗೆ ಕೊಡುವ ಆಜ್ಞೆ ಎಷ್ಟು ಜೋರು ಅನ್ನುವ ಅಂಕಿ), ಈ ನಾಲ್ಕನ್ನು ರೆಕಾರ್ಡ್ ಮಾಡಿ. ಫೋನ್ ನೋಡುವ ಕೆಲಸ ಪಕ್ಕದಲ್ಲಿ ಕೂತವರದ್ದು, ನಿಮ್ಮದಲ್ಲ.

ನಿಧಾನಗಾಮಿ
ಮೇಷ್ಟ್ರೇ, ನೋಡಿದೆ. ತಂಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗಿದ್ದೆ. ಕೀ ಆನ್ ಮಾಡಿದಾಗ 98. ಓಡುವಾಗ ಜಾಸ್ತಿ ಅಂದರೆ 152 ಬಂತು. 100 ಕಿಲೋಪಾಸ್ಕಲ್‌ಗೆ ಒಂದು ಬಾರ್, ಅಂದರೆ ಒಂದೂವರೆ ಬಾರ್ ಬೂಸ್ಟ್. ಇದು ಚೆನ್ನಾಗೇ ಇದೆ ಅಲ್ವಾ? ಮತ್ತೆ ಕೋಡ್ ಯಾಕೆ ಬಂತು?

ಲೆಕ್ಕದ_ಮೇಷ್ಟ್ರು
ಎಲ್ಲರೂ ಬೀಳುವ ಗುಂಡಿ ಇದು! 152ರಲ್ಲಿ 98 ಹೊರಗಿನ ಗಾಳಿಯದ್ದೇ. ಟರ್ಬೊ ಸೇರಿಸಿದ್ದು ಬರೀ 54, ಅಂದರೆ ಅರ್ಧ ಬಾರ್ ಚಿಲ್ಲರೆ. ಪಿಎಸ್‌ಐ ಲೆಕ್ಕದಲ್ಲಿ 8ಕ್ಕೂ ಕಡಿಮೆ. ಡ್ಯಾಶ್‌ಬೋರ್ಡಿನಲ್ಲಿ ಅಂಟಿಸುವ ಬೂಸ್ಟ್ ಮೀಟರ್ ಸೊನ್ನೆಯಿಂದ ಶುರುವಾಗುತ್ತದೆ, ಮ್ಯಾಪ್ ಸೆನ್ಸರ್ ಹಾಗಲ್ಲ. ಕೇಳಿದ್ದು ಎಷ್ಟಿತ್ತು?

ನಿಧಾನಗಾಮಿ
ಅಯ್ಯೋ. ಕೇಳಿದ್ದು 225. ಡ್ಯೂಟಿ ಮೇಲಕ್ಕೆ ಹೋಗಿ ಅಲ್ಲೇ ನಿಂತುಬಿಟ್ಟಿದೆ.

ಲೆಕ್ಕದ_ಮೇಷ್ಟ್ರು
ಹಾಗಾದರೆ ಇಸಿಯು 'ಇನ್ನೂ ಕೊಡು, ಇನ್ನೂ ಕೊಡು' ಅಂತ ಕೂಗುತ್ತಿದೆ, ಕೊಡುವವರು ಕೊಡುತ್ತಿಲ್ಲ. ಇಲ್ಲಿ ಒಂದು ಮಾತು. ಸೋರಿಕೆ ಚಿಕ್ಕದಿದ್ದರೆ ಇಸಿಯು ಟರ್ಬೊವನ್ನು ಜಾಸ್ತಿ ದುಡಿಸಿ ಲೆಕ್ಕ ಸರಿಮಾಡಿಬಿಡುತ್ತದೆ. ಬೂಸ್ಟ್ ಸ್ವಲ್ಪ ತಡವಾಗಿ ಬರುತ್ತದೆ, ಅಷ್ಟೇ. ಕೋಡ್ ಬರುವ ಹೊತ್ತಿಗೆ ಸೋರಿಕೆ ದೊಡ್ಡದಾಗಿರುತ್ತದೆ. ಅಲ್ಲಿಯವರೆಗೆ ಟರ್ಬೊ ತನ್ನ ಮಿತಿ ಮೀರಿ ತಿರುಗಿರುತ್ತದೆ. ಮೊದಲೇ ನಿಮಿಷಕ್ಕೆ ಒಂದು ಲಕ್ಷಕ್ಕಿಂತ ಜಾಸ್ತಿ ಸುತ್ತು ಹೊಡೆಯುವ ಪ್ರಾಣಿ ಅದು.

ಎಣ್ಣೆಕೈ
ನೋಡಿ, ನೀವೇ ಹೇಳಿದಿರಿ. ಮಿತಿ ಮೀರಿ ತಿರುಗಿ ಹೋಗಿದೆ ಟರ್ಬೊ. ನಾನು ಒಂದೇ ಸಾಲಿನಲ್ಲಿ ಹೇಳಿದ್ದೆ.

ಹಳೇ_ಸ್ಪ್ಯಾನರ್
@ಎಣ್ಣೆಕೈ, ಹೋಗಿದೆಯೋ ಇಲ್ಲವೋ ಅಂತ ಬೆರಳಿನಲ್ಲೇ ನೋಡಬಹುದು. ಇಂಜಿನ್ ತಣ್ಣಗಾದ ಮೇಲೆ ಟರ್ಬೊಗೆ ಗಾಳಿ ಹೋಗುವ ಪೈಪ್ ಬಿಚ್ಚಿ, ಒಳಗಿನ ಚಕ್ರವನ್ನು ಬೆರಳಲ್ಲಿ ತಿರುಗಿಸಿ. ತಡೆಯಿಲ್ಲದೆ ತಿರುಗಬೇಕು. ಅಕ್ಕಪಕ್ಕ ಅಲ್ಲಾಡಿಸಿದರೆ ಕೂದಲೆಳೆಯಷ್ಟು ಆಟ ಇದ್ದೇ ಇರುತ್ತದೆ. ಅದನ್ನು ನೋಡಿ ಹೆದರಬೇಡಿ. ಆ ಶಾಫ್ಟ್ ಎಣ್ಣೆಯ ಪದರದ ಮೇಲೆ ತೇಲುವುದು. ನಿಂತಾಗ ಎಣ್ಣೆ ಒತ್ತಡ ಇಲ್ಲ, ಹಾಗಾಗಿ ಅಲ್ಲಾಡುತ್ತದೆ. ಹಿಂದೆ ಮುಂದೆ ಎಳೆದರೆ ಮಾತ್ರ ಆಟ ಗೊತ್ತಾಗಬಾರದು. ರೆಕ್ಕೆಗಳ ಅಂಚು ಮುರಿದಿದ್ದರೆ, ಸುತ್ತಲಿನ ಗೋಡೆಗೆ ಉಜ್ಜಿದ ಗುರುತಿದ್ದರೆ, ಆಗ ನಿಮ್ಮ ಮಾತಿಗೆ ನಾನು ತಲೆಬಾಗುತ್ತೇನೆ.

ಮಳೆಬಿಲ್ಲು
ನನ್ನ ಅನುಭವ ಕೇಳಿ. ಪೈಪ್ ಒಳಗೆ ಎಣ್ಣೆ ಜಿಡ್ಡು ಇದೆ ಅಂತ ತೋರಿಸಿ ಒಬ್ಬರು ನನ್ನ ಟರ್ಬೊ ಬದಲಾಯಿಸಿದರು. ಹೊಸದು ಹಾಕಿದ ಎರಡೇ ತಿಂಗಳಿಗೆ ಅದೇ ಜಿಡ್ಡು, ಅದೇ ತೊಂದರೆ. ಕೊನೆಗೆ ನೋಡಿದರೆ ಎಕ್ಸಾಸ್ಟ್ ಗಾಳಿಯನ್ನು ಸ್ವಲ್ಪ ಇಂಟೇಕಿಗೆ ಬಿಡುವ ಇಜಿಆರ್ ವಾಲ್ವ್ ತೆರೆದೇ ಕೂತಿತ್ತು. ಎಕ್ಸಾಸ್ಟ್ ಗಾಳಿ ಟರ್ಬೊಗೆ ಹೋಗುವ ಬದಲು ವಾಪಸ್ ಇಂಟೇಕಿಗೆ ಹೋಗುತ್ತಿತ್ತು. ಹಳೇ ಟರ್ಬೊ ಎಲ್ಲಿ ಅಂತ ಕೇಳಿದರೆ ಗುಜರಿಗೆ ಹಾಕಿದೆವು ಅಂದರು 🙂

ಹಳೇ_ಸ್ಪ್ಯಾನರ್
ಹೌದು ಮೇಡಂ, ತೆಳು ಜಿಡ್ಡು ಸಹಜ. ಕ್ರ್ಯಾಂಕ್‌ಕೇಸ್ ಬ್ರೀದರ್‌ನ (ಇಂಜಿನ್ನಿನ ಎಣ್ಣೆ ಇರುವ ಕೆಳಭಾಗದ ಉಸಿರುದಾರಿಯ) ಆವಿ ಟರ್ಬೊ ಮುಂದಿನ ಪೈಪಿಗೇ ಬಂದು ಸೇರುತ್ತದೆ. ಪೈಪ್ ಬಗ್ಗಿಸಿದರೆ ಎಣ್ಣೆ ಸುರಿಯಬಾರದು, ಅಷ್ಟೇ.

ನಿಧಾನಗಾಮಿ
ಚಕ್ರ ನೋಡಿದೆ ಸಾರ್. ರೆಕ್ಕೆ ಎಲ್ಲ ಚೂಪಾಗಿವೆ, ಗೋಡೆಗೆ ತಾಗಿಲ್ಲ. ಹಿಂದೆ ಮುಂದೆ ಆಟ ಇಲ್ಲ. ಮುಂದೇನು?

ಜಂಪ್_ಸ್ಟಾರ್ಟ್
ಇಂಜಿನ್ ಆನ್ ಮಾಡಿ ಪೈಪ್ ಮೇಲೆಲ್ಲ ಸ್ಟಾರ್ಟಿಂಗ್ ಸ್ಪ್ರೇ ಹೊಡೀರಿ. ಎಲ್ಲಿ ಆರ್‌ಪಿಎಂ ಏರುತ್ತೋ ಅಲ್ಲಿ ತೂತು.

ಹಳೇ_ಸ್ಪ್ಯಾನರ್
ದಯವಿಟ್ಟು ಬೇಡ! ಬಿಸಿ ಎಕ್ಸಾಸ್ಟ್ ಪಕ್ಕದಲ್ಲಿ ಅದನ್ನು ಹೊಡೆದರೆ ಬೆಂಕಿ ಹತ್ತುತ್ತದೆ. ಅಷ್ಟಕ್ಕೂ ಆ ಉಪಾಯ ಪೆಟ್ರೋಲ್ ಇಂಜಿನ್ನಿಗೆ. ಅಲ್ಲಿ ಐಡಲ್‌ನಲ್ಲಿ ಮ್ಯಾನಿಫೋಲ್ಡ್ ಗಾಳಿ ಎಳೆದುಕೊಳ್ಳುತ್ತದೆ. ಡೀಸೆಲ್ಲಿನಲ್ಲಿ ಐಡಲ್ ಇರುವಾಗ ಒಳಗೂ ಹೊರಗೂ ಹೆಚ್ಚು ಕಡಿಮೆ ಒಂದೇ ಒತ್ತಡ. ತೂತಿದ್ದರೂ ಗಾಳಿ ಒಳಗೂ ಹೋಗಲ್ಲ, ಹೊರಗೂ ಬರಲ್ಲ. ಎಷ್ಟೋ ಪೈಪುಗಳ ಸೀಳು ಒತ್ತಡ ಬಿದ್ದಾಗ ಮಾತ್ರ ಬಾಯಿ ಬಿಡುತ್ತದೆ. ನಿಂತ ಗಾಡಿಯಲ್ಲಿ ಕಣ್ಣಲ್ಲಿ ನೋಡಿದರೆ ಪೈಪ್ ಹೊಸದರ ಹಾಗೆ ಕಾಣುತ್ತದೆ.

ಸರಿಯಾದ ದಾರಿ ಅಂದರೆ ಇಂಜಿನ್ ಆಫ್ ಮಾಡಿ ಹೊರಗಿನಿಂದ ಗಾಳಿ ತುಂಬುವುದು. ಟರ್ಬೊ ಮುಂದಿನ ಪೈಪಿನ ಬಾಯಿಗೆ ಸರಿಹೊಂದುವ ಪಿವಿಸಿ ಎಂಡ್ ಕ್ಯಾಪ್ ತಗೊಳ್ಳಿ. ಅದಕ್ಕೆ ತೂತು ಕೊರೆದು ಟ್ಯೂಬ್‌ಲೆಸ್ ಟೈರಿನ ವಾಲ್ವ್ ಕೂರಿಸಿ. ಪೈಪಿಗೆ ಹಾಕಿ ಕ್ಲ್ಯಾಂಪ್ ಬಿಗಿ ಮಾಡಿ. ಬ್ರೀದರ್ ಪೈಪ್ ಬಿಚ್ಚಿ ಆ ಬಾಯಿ ಮುಚ್ಚಿ, ಇಲ್ಲದಿದ್ದರೆ ಗಾಳಿ ಕ್ರ್ಯಾಂಕ್‌ಕೇಸಿಗೆ ನುಗ್ಗಿ ಸೀಲ್‌ಗಳಿಗೆ ಏಟು. ಮೀಟರ್ ಇರುವ ಪಂಪಿನಲ್ಲಿ ಅರ್ಧ ಬಾರ್ ಹಾಕಿ, ಜಾಸ್ತಿ ಬೇಡ. ಕ್ಯಾಪಿನ ಎದುರಿಗೆ ಮುಖ ಇಟ್ಟುಕೊಂಡು ಕೂರಬೇಡಿ. ನಂದೊಂದು ಕ್ಯಾಪ್ ಹಾರಿ ಗೋಡೆಗೆ ಬಡಿದದ್ದು ಇನ್ನೂ ಕಿವಿಯಲ್ಲಿದೆ.

ಗಾಳಿ ನಿಧಾನಕ್ಕೆ ಇಳಿದರೆ ಗಾಬರಿ ಬೇಡ. ತೆರೆದ ವಾಲ್ವ್, ಪಿಸ್ಟನ್ ರಿಂಗ್ ಸಂದಿಯಿಂದ ಸ್ವಲ್ಪ ಹೋಗೇ ಹೋಗುತ್ತದೆ. ಎಣ್ಣೆ ಹಾಕುವ ಬಾಯಿಯಲ್ಲಿ ಸಣ್ಣ ಶಬ್ದ ಕೇಳಬಹುದು. ಸೋಪು ನೀರು ಸ್ಪ್ರೇ ಮಾಡಿ ಗುಳ್ಳೆ ಹುಡುಕಿ. ಪೈಪಿನ ಅಡಿಭಾಗ ಮರೆಯಬೇಡಿ, ಎಲ್ಲರೂ ಮೇಲ್ಭಾಗ ನೋಡಿ ಎದ್ದು ಹೋಗುತ್ತಾರೆ.

ಜಂಪ್_ಸ್ಟಾರ್ಟ್
ಸರಿ ಬಿಡಿ, ನನ್ನದು ಪೆಟ್ರೋಲ್ ಗಾಡಿ, ಅದೇ ಅಭ್ಯಾಸ.

ಸುಮ್ನೆ_ಓದುಗ
ನಾನು ಒಮ್ಮೆ ಏರ್ ಫಿಲ್ಟರ್ ಡಬ್ಬಿ ಒರೆಸಿ ಬಟ್ಟೆ ಅಲ್ಲೇ ಬಿಟ್ಟು ಮುಚ್ಚಳ ಹಾಕಿದ್ದೆ. ಹದಿನೈದು ದಿನ ಗಾಡಿಗೆ ಬೈದೆ.

ಕರಿಹೊಗೆ
😂😂 ಬಟ್ಟೆ ಫಿಲ್ಟರಿನ ಆಚೆ ಇತ್ತೋ ಈಚೆಯೋ?

ಸುಮ್ನೆ_ಓದುಗ
ಆಚೆ, ಪುಣ್ಯ. ಈಚೆ ಇದ್ದಿದ್ದರೆ ಟರ್ಬೊ ಅದನ್ನು ನುಂಗಿ ಎಣ್ಣೆಕೈ ಅವರ ಮಾತು ನಿಜ ಆಗುತ್ತಿತ್ತು.

ನಿಧಾನಗಾಮಿ
ಸಿಕ್ಕಿತು!!! ಕ್ಯಾಪ್ ಮಾಡಲು ಅರ್ಧ ದಿನ ಹಿಡಿಯಿತು, ಹುಡುಕಲು ಐದು ನಿಮಿಷ. ಇಂಟರ್‌ಕೂಲರಿನಿಂದ ಹೊರಗೆ ಬರುವ ಪೈಪು ಕೂರುವ ಜಾಗ. ಅಲ್ಲಿ ತಂತಿಯ ಕ್ಲಿಪ್ ಇದೆ, ಒಳಗೆ ಒಂದು ರಬ್ಬರ್ ರಿಂಗ್. ಮೇಲೆ ನೋಡಿದರೆ ಏನೂ ಇಲ್ಲ. ಮಲಗಿಕೊಂಡು ಅಡಿಯಿಂದ ಸೋಪು ನೀರು ಹೊಡೆದೆ. ಮೊದಲು ಎರಡು ಮೂರು ಸಣ್ಣ ಗುಳ್ಳೆ. ಆಮೇಲೆ ಕಡಲೆ ಗಾತ್ರದ್ದು. ನೋಡುತ್ತಿದ್ದ ಹಾಗೆ ಬಿಳೀ ನೊರೆ ಗಡ್ಡದ ಹಾಗೆ ಜೋತುಬಿತ್ತು. ಆ ಜಾಗದಲ್ಲಿ ಮೊದಲೇ ಒಂದು ಬೆರಳಗಲ ಎಣ್ಣೆ, ಧೂಳು ಸೇರಿ ಕಪ್ಪು ಗೆರೆ ಇತ್ತು. ಅದನ್ನು ನೋಡಿದ್ದರೆ ಇಷ್ಟೆಲ್ಲ ಬೇಕೇ ಇರಲಿಲ್ಲ.

ರಿಂಗ್ ತೆಗೆದರೆ ಚಪ್ಪಟೆಯಾಗಿ ಒಂದು ಕಡೆ ಹರಿದಿದೆ. ಹೊಸ ರಿಂಗ್ ಹಾಕಿದೆ. 'ಉಸ್ಸ್' ಇಲ್ಲ, ಹೊಗೆ ಇಲ್ಲ. ಎಲ್ಲರಿಗೂ ಧನ್ಯವಾದ!

ಮಳೆಬಿಲ್ಲು
ಒಂದು ರಬ್ಬರ್ ರಿಂಗ್! ಓದಿ ನನಗೇ ಖುಷಿಯಾಯಿತು.

ಲೆಕ್ಕದ_ಮೇಷ್ಟ್ರು
ಅಭಿನಂದನೆ. ಆದರೆ ಹೊಸ ಲಾಗ್ ಎಲ್ಲಿ?

ನಿಧಾನಗಾಮಿ
ಮೇಷ್ಟ್ರು ಕೇಳಿದ್ದು ಒಳ್ಳೆಯದಾಯಿತು. ಮೂರು ದಿನ ಓಡಿಸಿದೆ. ಮೊದಲಿಗಿಂತ ಎಷ್ಟೋ ವಾಸಿ, ಆದರೂ ಹಳೇ ಎಳೆತ ಇಲ್ಲ. ಲಾಗ್‌ನಲ್ಲಿ ಕೇಳಿದ್ದು 225, ಬಂದದ್ದು 183. ಡ್ಯೂಟಿ ಈಗಲೂ ಮೇಲೇ ಇದೆ. ಗಾಳಿ ಮತ್ತೆ ತುಂಬಿ ನೋಡಿದೆ, ಎಲ್ಲೂ ಗುಳ್ಳೆ ಇಲ್ಲ.

ಎಣ್ಣೆಕೈ
ಟರ್ಬೊ.

ಹಳೇ_ಸ್ಪ್ಯಾನರ್
ಹೊಗೆ ಇಲ್ಲ, ಸೋರಿಕೆ ಇಲ್ಲ, ಬೂಸ್ಟ್ ಮಾತ್ರ ಕಡಿಮೆ. ಈಗ ಕಥೆಯೇ ಬೇರೆ. ಗಾಳಿ ಒಳಗೆ ಬರುವುದೇ ಕಡಿಮೆ, ಎಂಎಎಫ್ ಅದನ್ನು ನಿಜವಾಗಿಯೇ ಹೇಳುತ್ತಿದೆ, ಇಸಿಯು ಡೀಸೆಲ್ ಕಡಿಮೆ ಮಾಡುತ್ತಿದೆ. ಹಾಗಾದರೆ ಟರ್ಬೊಗೆ ಆಜ್ಞೆ ಮುಟ್ಟುತ್ತಿಲ್ಲ. ನಿಮ್ಮ ಆಕ್ಚುವೇಟರ್ ವ್ಯಾಕ್ಯೂಮಿನದ್ದೋ, ಎಲೆಕ್ಟ್ರಿಕ್ ಮೋಟರಿನದ್ದೋ? ಅಗಲ ಬಟ್ಟಲಿನ ಹಾಗಿದ್ದು ತೆಳು ರಬ್ಬರ್ ಪೈಪ್ ಬಂದಿದ್ದರೆ ವ್ಯಾಕ್ಯೂಮ್. ವೈರಿಂಗ್ ಪ್ಲಗ್ ಇರುವ ಡಬ್ಬಿಯಾದರೆ ಎಲೆಕ್ಟ್ರಿಕ್.

ನಿಧಾನಗಾಮಿ
ಬಟ್ಟಲು, ರಬ್ಬರ್ ಪೈಪ್.

ಜಂಪ್_ಸ್ಟಾರ್ಟ್
ಇದು ನನಗೆ ಗೊತ್ತು. ಆ ಪೈಪ್ ಹರಿದರೆ ಬೂಸ್ಟ್ ಜಾಸ್ತಿಯಾಗುತ್ತೆ, ಕಡಿಮೆ ಆಗಲ್ಲ. ನನ್ನ ಗಾಡಿಯಲ್ಲಿ ಹಾಗೇ ಆಗಿ ಪಿ0234, ಅಂದರೆ ಬೂಸ್ಟ್ ಜಾಸ್ತಿ ಅನ್ನುವ ಕೋಡ್, ಬಂದಿತ್ತು. ಹಾಗಾಗಿ ಅದನ್ನು ಬಿಡಿ.

ಹಳೇ_ಸ್ಪ್ಯಾನರ್
ನಿಮ್ಮ ಮಾತು ನಿಮ್ಮ ಗಾಡಿಗೆ ನಿಜ, ಇವರದ್ದಕ್ಕೆ ತಿರುಗು ಮುರುಗು. ನಿಮ್ಮ ಪೆಟ್ರೋಲಿನಲ್ಲಿ ವೇಸ್ಟ್‌ಗೇಟನ್ನು (ಎಕ್ಸಾಸ್ಟ್ ಗಾಳಿ ಟರ್ಬೊ ತಪ್ಪಿಸಿ ಹೋಗುವ ಬಾಗಿಲನ್ನು) ಸ್ಪ್ರಿಂಗ್ ಮುಚ್ಚಿ ಹಿಡಿದಿರುತ್ತದೆ. ಬೂಸ್ಟ್ ಒತ್ತಡವೇ ಪೈಪಿನಲ್ಲಿ ಬಂದು ಅದನ್ನು ತೆರೆಯಬೇಕು. ಪೈಪ್ ಹರಿದರೆ ತೆರೆಯುವವರಿಲ್ಲ, ಬೂಸ್ಟ್ ಏರುತ್ತಲೇ ಹೋಗುತ್ತದೆ. ಇವರದ್ದು ವೇರಿಯಬಲ್ ಜಿಯೋಮೆಟ್ರಿ. ಟರ್ಬೈನ್ ಸುತ್ತ ಸಣ್ಣ ರೆಕ್ಕೆಗಳ ಉಂಗುರ ಇರುತ್ತದೆ. ವ್ಯಾಕ್ಯೂಮ್ ಎಳೆದಾಗ ಅವು ಕಿರಿದಾಗುತ್ತವೆ. ಹೋಸ್ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ಚಿಮ್ಮುತ್ತದಲ್ಲ, ಹಾಗೆ ಎಕ್ಸಾಸ್ಟ್ ಗಾಳಿ ಜೋರಾಗಿ ಬಡಿಯುತ್ತದೆ. ವ್ಯಾಕ್ಯೂಮ್ ಸೋರಿದರೆ ರೆಕ್ಕೆಗಳು ಅಗಲವಾಗೇ ಉಳಿಯುತ್ತವೆ, ಬೂಸ್ಟ್ ಬರುವುದಿಲ್ಲ.

ಜಂಪ್_ಸ್ಟಾರ್ಟ್
ಓ, ಎರಡೂ ಒಂದೇ ಅಂದುಕೊಂಡಿದ್ದೆ. ಇವತ್ತಿಗೆ ಎರಡು ಸಲ ಏಟು ತಿಂದೆ, ಸಾಕು.

ಕರಿಹೊಗೆ
ಬೇಜಾರು ಮಾಡ್ಕೋಬೇಡಿ. ಬೂಸ್ಟ್ ಜಾಸ್ತಿಯಾಗುವ ಭಯ ಶುರುವಿನಿಂದಲೂ ಇತ್ತು. 1962ರ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಟರ್ಬೊ ಹಾಕಿ ಮಾರಿದ ಮೊದಲ ಕಾರುಗಳಲ್ಲಿ ಒಂದು. ಇಂಧನ ತಾನಾಗೇ ಸಿಡಿದು ಇಂಜಿನ್ ಬಡಿಯದಿರಲಿ ಅಂತ ಅದಕ್ಕೆ ಮೆಥನಾಲ್ ನೀರು ಬೆರೆಸಿದ ದ್ರವವನ್ನು ಬೇರೆಯದೇ ಟ್ಯಾಂಕಿನಲ್ಲಿ ಕೊಟ್ಟಿದ್ದರು. ದ್ರವ ಮುಗಿದರೆ ಬೂಸ್ಟ್ ತಾನಾಗೇ ಕಡಿಮೆಯಾಗುತ್ತಿತ್ತು. ಎಷ್ಟೋ ಜನ ತುಂಬುವುದನ್ನೇ ಮರೆಯುತ್ತಿದ್ದರಂತೆ. ಅಂದರೆ 'ಬೂಸ್ಟ್ ಬರುತ್ತಿಲ್ಲ' ಅನ್ನುವ ದೂರಿಗೆ 60 ವರ್ಷ ಮೇಲಾಯಿತು.

ಸುಮ್ನೆ_ಓದುಗ
ಆ ಕಾರಿನವರಿಗೂ ಯಾರಾದರೂ 'ಟರ್ಬೊ ಹೋಗಿದೆ' ಅಂದಿರುತ್ತಾರೆ.

ಎಣ್ಣೆಕೈ
ಎಲ್ಲರೂ ನನ್ನ ಮೇಲೇ ಬೀಳಿ. ಅಲ್ಲಾ, ಆ ಸಣ್ಣ ರೆಕ್ಕೆಗಳು ಮಸಿ ಕಟ್ಟಿ ಅಂಟಿಕೊಂಡಿದ್ದರೆ? ಆಗ ಟರ್ಬೊ ಬಿಚ್ಚಲೇಬೇಕಲ್ಲ?

ಹಳೇ_ಸ್ಪ್ಯಾನರ್
ಈಗ ಸರಿಯಾದ ಪ್ರಶ್ನೆ ಕೇಳಿದಿರಿ. ಅದೂ ಆಗುತ್ತದೆ, ಮುಖ್ಯವಾಗಿ ಯಾವಾಗಲೂ ಮೆತ್ತಗೆ ಓಡುವ ಗಾಡಿಗಳಲ್ಲಿ. ಒಮ್ಮೆ ಜಾಸ್ತಿ ಬೂಸ್ಟ್, ಒಮ್ಮೆ ಕಡಿಮೆ, ಲಿಂಪ್ ಮೋಡಿಗೆ (ಇಂಜಿನ್ ಉಳಿಸಲು ಇಸಿಯು ಶಕ್ತಿ ಕಡಿಮೆ ಮಾಡುವ ಸ್ಥಿತಿಗೆ) ಹೋಗುವುದು, ಆಫ್ ಮಾಡಿ ಆನ್ ಮಾಡಿದರೆ ಸರಿಯಾಗುವುದು, ಇದು ಅದರ ಲಕ್ಷಣ. ಕೈಯಲ್ಲಿ ಒತ್ತುವ ವ್ಯಾಕ್ಯೂಮ್ ಪಂಪ್ ಸಿಕ್ಕರೆ ಎರಡನ್ನೂ ಒಟ್ಟಿಗೆ ನೋಡಬಹುದು. ಪಂಪನ್ನು ನೇರ ಬಟ್ಟಲಿಗೆ ಹಾಕಿ ನಿಧಾನಕ್ಕೆ ಎಳೆಯಿರಿ. ಬಟ್ಟಲಿನಿಂದ ರೆಕ್ಕೆಗಳ ಕಡೆ ಹೋಗುವ ಕಡ್ಡಿ ಜರ್ಕ್ ಇಲ್ಲದೆ ಪೂರ್ತಿ ಚಲಿಸಿದರೆ ರೆಕ್ಕೆ ಸಲೀಸಾಗಿದೆ. ಪಂಪಿನ ಮೀಟರ್ ಮುಳ್ಳು ಒಂದು ನಿಮಿಷ ಅಲ್ಲಾಡದೆ ನಿಂತರೆ ಬಟ್ಟಲೊಳಗಿನ ಡಯಾಫ್ರಾಮ್ ಸರಿ ಇದೆ.

ನಿಧಾನಗಾಮಿ
ಪಂಪ್ ಎರವಲು ಸಿಕ್ಕಿತು. ಬಟ್ಟಲಿಗೆ ಹಾಕಿ ಎಳೆದರೆ ಕಡ್ಡಿ ಬೆಣ್ಣೆಯ ಹಾಗೆ ಹೋಗುತ್ತದೆ, ಮುಳ್ಳೂ ನಿಲ್ಲುತ್ತದೆ. ಆದರೆ ಗಾಡಿಯ ಪೈಪನ್ನೇ ಹಾಕಿ ಇಂಜಿನ್ ಸ್ಟಾರ್ಟ್ ಮಾಡಿದರೆ ಕಡ್ಡಿ ಅರ್ಧಕ್ಕೆ ಬಂದು, ಹಾಗೇ ಮೆಲ್ಲಗೆ ವಾಪಸ್ ಜಾರುತ್ತದೆ. ಬ್ರೇಕ್ ಪೆಡಲ್ ಮಾತ್ರ ಮೆತ್ತಗೇ ಇದೆ, ಅದಕ್ಕೂ ಇದೇ ವ್ಯಾಕ್ಯೂಮ್ ತಾನೇ?

ಹಳೇ_ಸ್ಪ್ಯಾನರ್
ಇಂಜಿನ್ನಿನ ವ್ಯಾಕ್ಯೂಮ್ ಪಂಪ್ ಒಂದೇ, ಆದರೆ ಬ್ರೇಕಿಗೆ ಬೇರೆ ದಪ್ಪ ಪೈಪ್, ಜೊತೆಗೆ ಒಂದೇ ಕಡೆ ಬಿಡುವ ವಾಲ್ವ್. ಹಾಗಾಗಿ ಅದು ಸಣ್ಣ ಸೋರಿಕೆಯನ್ನು ತೋರಿಸಿಕೊಡುವುದಿಲ್ಲ. ಆ ಪಂಪಿನ ಬಾಯಲ್ಲಿ ಎಷ್ಟಿದೆ, ಸೊಲೆನಾಯ್ಡ್ ವಾಲ್ವಿಗೆ (ಬಟ್ಟಲಿಗೆ ಎಷ್ಟು ವ್ಯಾಕ್ಯೂಮ್ ಹೋಗಬೇಕು ಅಂತ ಇಸಿಯು ನಡೆಸುವ ವಾಲ್ವಿಗೆ) ಬರುವ ಕಡೆ ಎಷ್ಟಿದೆ, ಎರಡನ್ನೂ ಅಳೆಯಿರಿ.

ನಿಧಾನಗಾಮಿ
ಪಂಪಿನಲ್ಲಿ 0.9 ಬಾರ್. ಸೊಲೆನಾಯ್ಡ್ ಹತ್ತಿರ 0.5 ಕೂಡ ಇಲ್ಲ. ಹಾಗಾದರೆ ಮಧ್ಯದ ಪೈಪೇ ಅಂತ ಬೆರಳಲ್ಲಿ ತಡವುತ್ತಾ ಹೋದೆ. ಇಂಜಿನ್ನಿನ ಹಿಂದೆ, ಒಂದು ಕಬ್ಬಿಣದ ಬ್ರಾಕೆಟ್ ಅಂಚಿಗೆ ಉಜ್ಜಿ ಉಜ್ಜಿ ಪೈಪ್ ಹೊಳಪಾಗಿದೆ. ಕಣ್ಣಿಗೆ ತೂತು ಕಾಣಲ್ಲ. ಬಗ್ಗಿಸಿದಾಗ ಗುಂಡುಸೂಜಿ ಮೊನೆಯಷ್ಟು ಸೀಳು ಬಾಯಿ ಬಿಟ್ಟಿತು. ಬೆರಳು ಒತ್ತಿದೆ, ಕಡ್ಡಿ ಟಪ್ ಅಂತ ಪೂರ್ತಿ ಎಳೆದುಕೊಂಡಿತು. ಬೆರಳು ತೆಗೆದೆ, ಜಾರಿತು. ನಾಲ್ಕೈದು ಸಲ ಮಕ್ಕಳ ಹಾಗೆ ಅದನ್ನೇ ಮಾಡಿದೆ.

ಹೊಸ ಪೈಪ್ ಹಾಕಿ, ಬ್ರಾಕೆಟ್ಟಿನಿಂದ ದೂರ ಕಟ್ಟಿದ್ದೇನೆ. ಇವತ್ತಿನ ಲಾಗ್: ಕೇಳಿದ್ದು 225, ಬಂದದ್ದು 223. ಅದೇ ಏರು, ನಾಲ್ಕನೇ ಗೇರು.

ಲೆಕ್ಕದ_ಮೇಷ್ಟ್ರು
152, 183, 223. ಎರಡು ರೋಗ ಒಟ್ಟಿಗೆ ಇದ್ದವು. ಮೊದಲನೆಯದು ವಾಸಿಯಾದ ಮೇಲೆ ಅಳೆಯದೇ ಇದ್ದಿದ್ದರೆ ಎರಡನೆಯದಕ್ಕೆ ಟರ್ಬೊ ಬಲಿಯಾಗುತ್ತಿತ್ತು.

ಎಣ್ಣೆಕೈ
ಸರಿ, ಈ ಸಲ ಅಲ್ಲ ಅಂತ ಒಪ್ಪಿಕೊಂಡೆ. ಒಂದೂವರೆ ಲಕ್ಷಕ್ಕೆ ಮತ್ತೆ ಬನ್ನಿ, ಆಗ ನೋಡೋಣ.

ಜಂಪ್_ಸ್ಟಾರ್ಟ್
ಇಲ್ಲೇ ಒಂದು ಕೇಳಲಾ? ನನ್ನ ಪೆಟ್ರೋಲ್ ಗಾಡಿಯಲ್ಲಿ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎಕ್ಸಾಸ್ಟ್ ಕಡೆ ಟಿಕ್ ಟಿಕ್ ಅನ್ನುತ್ತೆ, ಬಿಸಿಯಾದ ಮೇಲೆ ನಿಲ್ಲುತ್ತೆ. ಬೂಸ್ಟ್ ಕೂಡ ಸ್ವಲ್ಪ ತಡ.

ಹಳೇ_ಸ್ಪ್ಯಾನರ್
ಮ್ಯಾನಿಫೋಲ್ಡ್ ಮತ್ತು ಟರ್ಬೊ ಸೇರುವ ಜಾಗದಲ್ಲಿ ಕಪ್ಪು ಮಸಿಯ ಗೆರೆ ಇದೆಯಾ ನೋಡಿ. ಗ್ಯಾಸ್ಕೆಟ್ ಅಥವಾ ಸಣ್ಣ ಬಿರುಕು ಇರಬಹುದು. ಬಿಸಿಗೆ ಲೋಹ ಹಿಗ್ಗಿ ಸಂದಿ ಮುಚ್ಚಿಕೊಳ್ಳುತ್ತದೆ, ಅದಕ್ಕೇ ಶಬ್ದ ನಿಲ್ಲುವುದು. ತಣ್ಣಗಿರುವಾಗ ನೋಡಿ, ಸ್ಪ್ರೇ ಮಾತ್ರ ಮುಟ್ಟಬೇಡಿ.